ಮನೆಯೊಳಗೊಂದು ಕಾಕ್‌ಪಿಟ್

(ನಮ್ಮ ಭಾನುವಾರದ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪಠ್ಯ. ಅಂದು ಕೇಳಲಾಗದವರಿಗಾಗಿ ಇಲ್ಲಿ ಕೊಟ್ಟಿದ್ದೇವೆ.)



ರಾತ್ರಿ ಹತ್ತು ಗಂಟೆ. ಮುಲುಂಡಿನ ನಮ್ಮ ಎರಡು ಕೋಣೆಯ ಮನೆಯಲ್ಲಿ ಊಟ ಮುಗಿದಿದೆ. ಹೆಂಡತಿ ನಾಳೆಯ ಡಬ್ಬಿಗೆ ಪಲ್ಯ ಹೆಚ್ಚುತ್ತಿದ್ದಾಳೆ. ಕೆಳಗಿನ ರಸ್ತೆಯಲ್ಲಿ ರಿಕ್ಷಾಗಳ ಸದ್ದು. ನಾನು ಮೂಲೆಯ ಮೇಜಿನ ಮುಂದೆ ಕೂತು ಮಿಗ್-21 ಯುದ್ಧವಿಮಾನವನ್ನು ಇಳಿಸಲು ಹೆಣಗುತ್ತಿದ್ದೇನೆ. ಗಂಟೆಗೆ 300 ಕಿಲೋಮೀಟರಿನ ಆಸುಪಾಸಿನ ವೇಗ. ರನ್‌ವೇ ನನ್ನತ್ತ ನುಗ್ಗಿ ಬರುತ್ತಿದೆ. ಒಂದು ಕ್ಷಣ ಕೈ ಹೆಚ್ಚುಕಡಿಮೆಯಾಯಿತು. ವಿಮಾನ ನೆಲಕ್ಕೆ ಅಪ್ಪಳಿಸಿತು, ಪರದೆಯ ಮೇಲೆ ಬೆಂಕಿ. ನಾನು ಒಂದು ಗುಂಡಿ ಒತ್ತಿದೆ. ವಿಮಾನ ಮತ್ತೆ ಹೊಚ್ಚಹೊಸದಾಗಿ ಆಕಾಶದಲ್ಲಿ ನಿಂತಿತ್ತು.

ಇವತ್ತು ನಾನು ನಿಮ್ಮ ಜೊತೆ ಮಾತಾಡಲಿರುವುದು ಆ ಗುಂಡಿಯ ಬಗ್ಗೆ. ಅಂದರೆ, ಮನೆಯ ಕಂಪ್ಯೂಟರಿನಲ್ಲಿ ಯುದ್ಧವಿಮಾನ ಹಾರಿಸುವ ಸಿಮ್ಯುಲೇಟರುಗಳ ಬಗ್ಗೆ. ನಿಮ್ಮಲ್ಲಿ ಕೆಲವರ ಮಕ್ಕಳು ಇದನ್ನು ಆಡುತ್ತಿರಬಹುದು. "ರಾತ್ರಿಯೆಲ್ಲ ಕಂಪ್ಯೂಟರ್ ಮುಂದೆ ಕೂತು ಏನು ಮಾಡ್ತಾನೋ" ಎಂದು ನೀವು ಬೇಸರ ಪಟ್ಟಿರಬಹುದು. ಅವನು ಏನು ಮಾಡುತ್ತಿದ್ದಾನೆ ಎಂಬುದನ್ನು ಹೇಳುತ್ತೇನೆ, ಕೇಳಿ.

ಮೊದಲು ಒಂದು ಮಾತು. ಸಿಮ್ಯುಲೇಟರ್ ಬೇರೆ, ವಿಡಿಯೋ ಗೇಮ್ ಬೇರೆ. ಗೇಮಿನಲ್ಲಿ ಗುಂಡಿ ಒತ್ತಿದರೆ ವಿಮಾನ ಹಾರುತ್ತದೆ, ಇನ್ನೊಂದು ಒತ್ತಿದರೆ ಕ್ಷಿಪಣಿ ಹೋಗುತ್ತದೆ, ಹತ್ತು ನಿಮಿಷಕ್ಕೆ ಶತ್ರು ನಿರ್ನಾಮ. ಸಿಮ್ಯುಲೇಟರಿನಲ್ಲಿ ಹತ್ತು ನಿಮಿಷವಾದರೂ ಎಂಜಿನ್ ಶುರುವಾಗಿರುವುದೇ ಅನುಮಾನ! ಎಫ್-16 ವಿಮಾನವನ್ನೇ ತೆಗೆದುಕೊಳ್ಳಿ. ಮೊದಲು ವಿದ್ಯುತ್ತಿನ ಸ್ವಿಚ್ಚು. ಆಮೇಲೆ ದೊಡ್ಡ ಎಂಜಿನ್ನನ್ನು ತಿರುಗಿಸಲು ಇರುವ ಪುಟ್ಟ ಸ್ಟಾರ್ಟರ್ ಎಂಜಿನ್. ದೊಡ್ಡದರ ತಿರುಗುವ ವೇಗ ಶೇಕಡಾ 20ರಷ್ಟು ಮುಟ್ಟಿದ ಮೇಲೆ ಇಂಧನ ಬಿಡಬೇಕು. ತಾಪಮಾನದ ಮುಳ್ಳು ಮಿತಿ ಮೀರದಂತೆ ನೋಡಬೇಕು. ವಿಮಾನ ತಾನು ಭೂಮಿಯ ಮೇಲೆ ಎಲ್ಲಿದ್ದೇನೆ, ಯಾವ ದಿಕ್ಕಿಗೆ ಮುಖ ಮಾಡಿದ್ದೇನೆ ಎಂದು ಲೆಕ್ಕ ಹಾಕಿಕೊಳ್ಳುವುದಕ್ಕೇ ಏಳೆಂಟು ನಿಮಿಷ ಬೇಕು. ಅಷ್ಟೂ ಹೊತ್ತು ನೀವು ಸುಮ್ಮನೆ ಕಾಯಬೇಕು. ಅವಸರ ಮಾಡಿದರೆ ಆಕಾಶದಲ್ಲಿ ದಾರಿ ತಪ್ಪುತ್ತೀರಿ. ನಮ್ಮ ಅಜ್ಜಿ ಹಾಲು ಹೆಪ್ಪಾಗುವ ಮುಂಚೆ ಪಾತ್ರೆ ಮುಟ್ಟಲು ಬಿಡುತ್ತಿರಲಿಲ್ಲ. ಇದೂ ಹಾಗೆಯೇ.

ಈ ವಿದ್ಯೆ ಇವತ್ತಿನದಲ್ಲ. ಅಮೆರಿಕದ ಬಿಂಗ್‌ಹ್ಯಾಮ್ಟನ್ ಎಂಬ ಊರಿನಲ್ಲಿ ಎಡ್ವಿನ್ ಲಿಂಕ್ ಎಂಬುವನಿದ್ದ. ಅವನ ತಂದೆಯದು ಪಿಯಾನೋ, ಆರ್ಗನ್ ವಾದ್ಯಗಳನ್ನು ಮಾಡುವ ಕಾರ್ಖಾನೆ. ಆರ್ಗನ್ನಿಗೆ ಗಾಳಿ ಊದುವ ತಿದಿಗಳನ್ನು ಬಳಸಿಕೊಂಡು ಲಿಂಕ್ 1929ರಲ್ಲಿ ಒಂದು ಪುಟ್ಟ ವಿಮಾನದಾಕಾರದ ಪೆಟ್ಟಿಗೆ ಮಾಡಿದ. ಒಳಗೆ ಕೂತು ಕಡ್ಡಿ ಅಲುಗಿಸಿದರೆ ಪೆಟ್ಟಿಗೆ ಬಾಗುತ್ತಿತ್ತು, ಏಳುತ್ತಿತ್ತು, ತಿರುಗುತ್ತಿತ್ತು. ಸೈನ್ಯದವರು ಮೊದಲು ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಅದು ಜಾತ್ರೆ, ಮನರಂಜನಾ ಪಾರ್ಕುಗಳಲ್ಲಿ ಕಾಸು ಹಾಕಿ ಕೂರುವ ಆಟಿಕೆಯಾಯಿತು. 1934ರಲ್ಲಿ ಅಮೆರಿಕದ ಸೈನ್ಯಕ್ಕೆ ವಿಮಾನದಲ್ಲಿ ಟಪಾಲು ಸಾಗಿಸುವ ಕೆಲಸ ಬಂತು. ಮೋಡ, ಮಂಜು, ರಾತ್ರಿಯಲ್ಲಿ ಬರೀ ಮಾಪಕಗಳನ್ನು ನೋಡಿ ಹಾರುವ ಅಭ್ಯಾಸವಿಲ್ಲದ ಪೈಲಟ್ಟುಗಳು ಒಬ್ಬರ ಹಿಂದೊಬ್ಬರು ಸತ್ತರು. ಆಗ ಸೈನ್ಯ ಲಿಂಕ್‌ನ ಬಳಿ ಬಂತು, ಆರು ಪೆಟ್ಟಿಗೆಗಳನ್ನು ಕೊಂಡಿತು. ಎರಡನೇ ಮಹಾಯುದ್ಧದಲ್ಲಿ ಲಕ್ಷಾಂತರ ಪೈಲಟ್ಟುಗಳು ಆ ಪೆಟ್ಟಿಗೆಯಲ್ಲಿ ಕಲಿತರು. ಸಿಮ್ಯುಲೇಟರ್ ಹುಟ್ಟಿದ್ದು ಆಟಿಕೆಯಾಗಿ, ಬೆಳೆದದ್ದು ಸಾವಿನ ಕಾರಣಕ್ಕೆ. ಈ ಮಾತನ್ನು ನೆನಪಿಟ್ಟುಕೊಂಡಿರಿ, ಆಮೇಲೆ ಬೇಕಾಗುತ್ತದೆ.

ಮನೆಯ ಕಂಪ್ಯೂಟರಿಗೆ ಇದು ಬಂದದ್ದು ಎಂಬತ್ತರ ದಶಕದಲ್ಲಿ. ಎಫ್-16 ಹಾರಿಸುವ 'ಫಾಲ್ಕನ್' 1987ರಲ್ಲಿ ಬಂತು. 1995ರಲ್ಲಿ ರಷ್ಯಾದ ಸುಖೋಯ್-27 ಹಾರಿಸುವ 'ಫ್ಲಾಂಕರ್' ಬಂತು. 1998ರ ಕೊನೆಗೆ 'ಫಾಲ್ಕನ್ 4.0' ಬಂದಾಗ ಈ ಹವ್ಯಾಸದವರಿಗೆಲ್ಲ ಹಬ್ಬ. ಅದರ ಕಥೆ ನಡೆಯುವುದು ಕೊರಿಯಾ ಪರ್ಯಾಯ ದ್ವೀಪದಲ್ಲಿ. ವಿಶೇಷವೇನೆಂದರೆ, ಅಲ್ಲಿನ ಯುದ್ಧ ನಿಮಗಾಗಿ ಕಾಯುವುದಿಲ್ಲ. ನೀವು ಹಾರಿದರೂ ಹಾರದಿದ್ದರೂ ಟ್ಯಾಂಕುಗಳು ಮುಂದೆ ಸರಿಯುತ್ತಿರುತ್ತವೆ, ಬೇರೆ ವಿಮಾನಗಳು ಏಳುತ್ತಿರುತ್ತವೆ. ನೀವು ಇವತ್ತು ಒಂದು ಸೇತುವೆ ಕೆಡವಿದರೆ ನಾಳೆಯೂ ಅದು ಮುರಿದೇ ಬಿದ್ದಿರುತ್ತದೆ, ಆ ದಾರಿಯಲ್ಲಿ ಹೋಗಬೇಕಾದ ಸೈನ್ಯಕ್ಕೆ ತಡವಾಗುತ್ತದೆ. ನೀವೊಬ್ಬ ಶೂರ ನಾಯಕನಲ್ಲ, ದೊಡ್ಡ ಯಂತ್ರದ ಒಂದು ಸಣ್ಣ ಮೊಳೆ. ಈ ಸಿಮ್ಯುಲೇಟರಿನ ಮೂಲ ಸಂಕೇತ 2000ನೇ ಇಸವಿಯಲ್ಲಿ ಹೊರಗೆ ಸೋರಿಹೋಯಿತು. ಆಗಿನಿಂದ ಸಂಬಳವಿಲ್ಲದ ಹವ್ಯಾಸಿಗಳು ಅದನ್ನು ತಿದ್ದಿ ತೀಡಿ, ಕಾಲು ಶತಮಾನ ಕಳೆದರೂ ಜೀವಂತವಾಗಿ ಇಟ್ಟಿದ್ದಾರೆ.

ಅತ್ತ 'ಫ್ಲಾಂಕರ್' ಮಾಡಿದ ಈಗಲ್ ಡೈನಮಿಕ್ಸ್ ಸಂಸ್ಥೆಯವರು 2003ರಲ್ಲಿ 'ಲಾಕ್ ಆನ್', 2008ರಲ್ಲಿ 'ಬ್ಲ್ಯಾಕ್ ಶಾರ್ಕ್', 2011ರಲ್ಲಿ ಎ-10ಸಿ ವಿಮಾನ ತಂದರು. ಈ ಎ-10ಸಿ ಮೊದಲು ಅಮೆರಿಕದ ಏರ್ ನ್ಯಾಷನಲ್ ಗಾರ್ಡಿನ ಪೈಲಟ್ಟುಗಳ ಮೇಜಿನ ಮೇಲಿನ ತರಬೇತಿಗಾಗಿ ತಯಾರಾಗಿದ್ದು. ಆಮೇಲೆ ಸಾರ್ವಜನಿಕರ ಕೈಗೆ ಬಂತು. ಈ ಸರಣಿಗೆ ಡಿಸಿಎಸ್ ಎಂದು ಹೆಸರು. ಅದರಲ್ಲಿ ಇವತ್ತು ಎಫ್-16, ಎಫ್-18, ಮಿಗ್-21 ಇವೆ. ನಮ್ಮ ವಾಯುಪಡೆಯಲ್ಲೂ ಇರುವ ಮಿರಾಜ್ 2000, ಮಿಗ್-29 ವಿಮಾನಗಳ ಅಣ್ಣತಮ್ಮಂದಿರೂ ಇದ್ದಾರೆ.

ಸರಿ, ಎಂಜಿನ್ ಶುರುವಾಯಿತು, ಮೇಲೆ ಹಾರಿದೆವು. ಅಲ್ಲಿ ಕಲಿಯುವುದೇನು? ಮೂರು ಪಾಠ ಹೇಳುತ್ತೇನೆ.

ಮೊದಲನೆಯದು ಶಕ್ತಿಯ ಲೆಕ್ಕ. ಅಮೆರಿಕದ ವಾಯುಪಡೆಯ ಜಾನ್ ಬಾಯ್ಡ್ ಮತ್ತು ಗಣಿತಜ್ಞ ಥಾಮಸ್ ಕ್ರಿಸ್ಟೀ 1960ರ ದಶಕದಲ್ಲಿ ಇದನ್ನು ಸೂತ್ರವಾಗಿ ಬರೆದರು. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವನು, ನನ್ನ ಭಾಷೆಯಲ್ಲಿ ಹೇಳುತ್ತೇನೆ. ಎತ್ತರ ಅಂದರೆ ಠೇವಣಿ. ವೇಗ ಅಂದರೆ ಜೇಬಿನಲ್ಲಿರುವ ನಗದು. ಕೆಳಗೆ ಧುಮುಕಿದರೆ ಠೇವಣಿ ಮುರಿದು ನಗದು ಮಾಡಿಕೊಂಡಂತೆ. ಮೇಲೇರಿದರೆ ನಗದನ್ನು ಮತ್ತೆ ಠೇವಣಿ ಇಟ್ಟಂತೆ. ಗಕ್ಕನೆ ತಿರುವು ತೆಗೆದುಕೊಂಡಿರೋ, ಅದು ಖರ್ಚು, ವಾಪಸ್ ಬರುವುದಿಲ್ಲ. ಎಂಜಿನ್ ಎಂಬುದು ತಿಂಗಳ ಸಂಬಳ, ನಿಧಾನವಾಗಿ ಬರುತ್ತದೆ. ಹೊಸಬರೆಲ್ಲ ಶತ್ರುವನ್ನು ಕಂಡ ಕೂಡಲೇ ಕಡ್ಡಿಯನ್ನು ಹೊಟ್ಟೆಗೆ ಎಳೆದುಕೊಂಡು ತಿರುಗುತ್ತಾರೆ. ಅರ್ಧ ನಿಮಿಷದಲ್ಲಿ ಎತ್ತರವೂ ಇಲ್ಲ, ವೇಗವೂ ಇಲ್ಲ, ದಿವಾಳಿ. ಗೆಲ್ಲುವವನು ಹೆಚ್ಚು ತಿರುಗಿದವನಲ್ಲ, ಲೆಕ್ಕ ಇಟ್ಟವನು.

ಎರಡನೆಯದು ರೇಡಾರ್. ರೇಡಾರ್ ಅಂದರೆ ಎಲ್ಲವನ್ನೂ ಕಾಣುವ ಕಣ್ಣು ಅಂತ ನಾವು ತಿಳಿದಿದ್ದೇವೆ. ಹಾಗಲ್ಲ. ನೀವು ಪ್ಲಾಟ್‌ಫಾರ್ಮಿನಲ್ಲಿ ನಿಂತಿರುತ್ತೀರಿ, ನಿಲ್ಲದೆ ಹೋಗುವ ಫಾಸ್ಟ್ ಲೋಕಲ್ ಹಾರ್ನ್ ಹೊಡೆಯುತ್ತಾ ಬರುತ್ತದೆ. ಬರುವಾಗ ದನಿ ಕೀಚಲು, ದಾಟಿ ಹೋದ ಮೇಲೆ ದಪ್ಪ. ನಮ್ಮತ್ತ ಬರುವ ವಸ್ತುವಿನಿಂದ ವಾಪಸಾದ ರೇಡಾರ್ ಅಲೆಯಲ್ಲೂ ಇಂಥದೇ ಬದಲಾವಣೆ ಇರುತ್ತದೆ. ಮೇಲಿನಿಂದ ಕೆಳಗೆ ನೋಡುವ ರೇಡಾರಿಗೆ ನೆಲ, ಬೆಟ್ಟ, ಕಟ್ಟಡ ಎಲ್ಲದರಿಂದಲೂ ಅಲೆ ವಾಪಸಾಗುತ್ತದೆ. ಆ ಗದ್ದಲದಲ್ಲಿ ವಿಮಾನವನ್ನು ಹುಡುಕಲು ಅದು ಈ ದನಿಯ ಬದಲಾವಣೆಯನ್ನೇ ನೋಡುತ್ತದೆ. ನೆಲದಂತೆ ವರ್ತಿಸುವುದನ್ನೆಲ್ಲ ಜರಡಿ ಹಿಡಿದು ಬಿಸಾಡುತ್ತದೆ. ಶತ್ರು ಪೈಲಟ್ ಜಾಣನಾದರೆ ಏನು ಮಾಡುತ್ತಾನೆ? ನಿಮ್ಮತ್ತ ಬರುವುದೂ ಇಲ್ಲ, ದೂರ ಹೋಗುವುದೂ ಇಲ್ಲ. ಸರಿಯಾಗಿ ಅಡ್ಡಕ್ಕೆ ತಿರುಗಿ ಹಾರುತ್ತಾನೆ. ರೇಡಾರ್ ಅವನನ್ನೂ ನೆಲದ ಒಂದು ತುಂಡು ಎಂದು ತಿಳಿದು ಬಿಸಾಡುತ್ತದೆ! ಈಗ ತಾನೇ ಪರದೆಯ ಮೇಲಿದ್ದ ವಿಮಾನ ಮಾಯ. ಇದನ್ನು ಭೌತಶಾಸ್ತ್ರದ ಪುಸ್ತಕದಲ್ಲಿ ಡಾಪ್ಲರ್ ಪರಿಣಾಮ ಎಂದು ಓದಿ ಪರೀಕ್ಷೆ ಬರೆದಿದ್ದೆ. ಅರ್ಥವಾದದ್ದು ಮಾತ್ರ ನಲವತ್ತೈದು ದಾಟಿದ ಮೇಲೆ, ಈ ಮೇಜಿನ ಮುಂದೆ.

ಮೂರನೆಯದು ಕ್ಷಿಪಣಿ. ಸಿನಿಮಾದಲ್ಲಿ ಕ್ಷಿಪಣಿ ಬೆಂಕಿಯುಗುಳುತ್ತಾ ಕೊನೆಯವರೆಗೂ ಬೆನ್ನಟ್ಟುತ್ತದೆ. ನಿಜದಲ್ಲಿ ಬಹುಪಾಲು ಕ್ಷಿಪಣಿಗಳ ರಾಕೆಟ್ ಉರಿಯುವುದು ಕೆಲವೇ ಸೆಕೆಂಡು. ಆಮೇಲೆ ಅದು ಏಟು ತಿಂದ ಚಿಣ್ಣಿಯ ಹಾಗೆ, ಇದ್ದ ಓಟದಲ್ಲೇ ತೇಲಿ ಹೋಗಬೇಕು. ಎತ್ತರದ ತೆಳು ಗಾಳಿಯಲ್ಲಿ ದೂರ ಹೋಗುತ್ತದೆ, ಕೆಳಗಿನ ದಪ್ಪ ಗಾಳಿಯಲ್ಲಿ ಬೇಗ ಸೋಲುತ್ತದೆ. ಅದಕ್ಕೇ "ಈ ಕ್ಷಿಪಣಿಯ ವ್ಯಾಪ್ತಿ ನೂರು ಕಿಲೋಮೀಟರ್" ಎಂದು ಟಿವಿಯವರು ಕೂಗಿದಾಗ ಸಿಮ್ಯುಲೇಟರ್ ಆಡುವ ಹುಡುಗ ಮೆಲ್ಲಗೆ ಕೇಳುತ್ತಾನೆ: ಎಷ್ಟು ಎತ್ತರದಿಂದ? ಎದುರಿಗೆ ಬರುವವನ ಮೇಲೋ, ಓಡಿಹೋಗುವವನ ಮೇಲೋ? ಪ್ರಶ್ನೆ ಕೇಳಲು ಕಲಿಸಿದರೆ ಸಾಕಲ್ಲವೇ, ಅಷ್ಟರಮಟ್ಟಿಗೆ ಅದು ಒಳ್ಳೆಯ ಮೇಷ್ಟ್ರು.

ಇದೇ ಜಾಗದಲ್ಲಿ ಒಂದು ಎಚ್ಚರಿಕೆಯ ಮಾತು. ಈ ಸಿಮ್ಯುಲೇಟರುಗಳ ಚಿತ್ರ ಎಷ್ಟು ನೈಜವಾಗಿದೆ ಎಂದರೆ, ಅದೇ ಈಗ ಸುಳ್ಳಿನ ಸರಕಾಗಿದೆ. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ದಿನಗಳಲ್ಲಿ 'ಕೀವ್‌ನ ಭೂತ' ಎಂಬ ಪೈಲಟ್ ರಷ್ಯಾದ ವಿಮಾನವನ್ನು ಕೆಡವಿದ ಎಂಬ ವಿಡಿಯೋ ಜಗತ್ತೆಲ್ಲ ಸುತ್ತಿತು. ಅದು ನಾನು ಹೇಳಿದ ಡಿಸಿಎಸ್ ಸಿಮ್ಯುಲೇಟರಿನಲ್ಲಿ ಮಾಡಿದ್ದು. 2025ರ ಮೇ ತಿಂಗಳಲ್ಲಿ ಭಾರತ-ಪಾಕಿಸ್ತಾನದ ನಡುವೆ ಘರ್ಷಣೆ ನಡೆದಾಗಲೂ ವಿಡಿಯೋ ಗೇಮಿನ ದೃಶ್ಯಗಳು ನಿಜವಾದ ದಾಳಿ ಎಂದು ಹರಿದಾಡಿದವು. ಕೇಂದ್ರ ಸರ್ಕಾರದ ಪಿಐಬಿಯೇ ಅದು ಗೇಮಿನದೆಂದು ಹೇಳಬೇಕಾಯಿತು. ನಿಮ್ಮ ವಾಟ್ಸಾಪಿಗೆ ಅಂಥದ್ದು ಬಂದರೆ ಮುಂದೆ ಕಳಿಸುವ ಮುಂಚೆ ಮನೆಯ ಹುಡುಗನನ್ನು ಒಮ್ಮೆ ಕೇಳಿ. ಎರಡು ಸೆಕೆಂಡಿನಲ್ಲಿ ಹೇಳುತ್ತಾನೆ.

ಸಿಮ್ಯುಲೇಟರ್ ಕಲಿಸದೇ ಇರುವುದೂ ಇದೆ. ಎಫ್-16ರಲ್ಲಿ ಪೈಲಟ್ 9 'ಜಿ'ವರೆಗೆ ತಿರುವು ತೆಗೆದುಕೊಳ್ಳಬಲ್ಲ. ಅಂದರೆ 60 ಕಿಲೋ ತೂಕದ ಮನುಷ್ಯನ ಮೈ ಆ ಹೊತ್ತಿಗೆ 540 ಕಿಲೋ ಆದಂತೆ. ತಲೆಯ ರಕ್ತ ಕಾಲಿಗೆ ಇಳಿಯುತ್ತದೆ, ಕಣ್ಣಿಗೆ ಕತ್ತಲೆ ಕವಿಯುತ್ತದೆ. ಹೊಟ್ಟೆ, ತೊಡೆ ಬಿಗಿಹಿಡಿದು ಉಸಿರಿನ ಲೆಕ್ಕ ತಪ್ಪದೆ ಅದೇ ಕ್ಷಣದಲ್ಲಿ ರೇಡಾರ್ ನೋಡಬೇಕು, ಜೊತೆಗಾರನಿಗೆ ಮಾತಾಡಬೇಕು. ನನ್ನ ಮೇಜಿನ ಮುಂದೆ 9 'ಜಿ' ಬಂದರೆ ಪರದೆಯ ಅಂಚು ಕಪ್ಪಾಗುತ್ತದೆ, ಅಷ್ಟೇ. ನಾನು ಚಹಾ ಕುಡಿಯುತ್ತಿರುತ್ತೇನೆ. ಸೈನ್ಯದವರು ಗುಟ್ಟಾಗಿ ಇಟ್ಟಿರುವ ರೇಡಾರಿನ ಒಳಮರ್ಮ, ಶತ್ರುವಿನ ರೇಡಾರನ್ನು ಮೋಸಗೊಳಿಸುವ ತಂತ್ರ ಇವೂ ಇಲ್ಲಿ ಇರುವುದಿಲ್ಲ. ಹೊರಗೆ ಸಿಗುವ ಮಾಹಿತಿಯ ಮೇಲೆ ಮಾಡಿದ ಅಂದಾಜು ಮಾತ್ರ.

ಒಮ್ಮೆ ನಾನು ಒಂದು ಊರಿನ ಅಂಚಿನಲ್ಲಿದ್ದ ಮದ್ದಿನ ಗೋದಾಮಿಗೆ ಬಾಂಬ್ ಹಾಕಿದೆ. ಗುರಿ ಸರಿಯಾಗಿ ಸಿಕ್ಕಿತು, ನಾನು ಹಿಗ್ಗಿದೆ. ಹಿಂದೆ ನಿಂತಿದ್ದ ಹೆಂಡತಿ ಕೇಳಿದಳು, "ಪಕ್ಕದಲ್ಲಿ ಮನೆಗಳಿವೆಯಲ್ಲ, ಅಲ್ಲಿ ಜನ ಇಲ್ವಾ?" ನೋಡಿದೆ. ಕಟ್ಟಡಗಳಿದ್ದವು, ರಸ್ತೆಗಳಿದ್ದವು. ಮನೆಯಿಂದ ಹೊರಗೋಡಿ ಬಂದು ಅಳುವವರು ಯಾರೂ ಇರಲಿಲ್ಲ. ಆ ಸಿಮ್ಯುಲೇಟರಿನಲ್ಲಿ ಅವರನ್ನು ಬರೆದೇ ಇಲ್ಲ. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಇವತ್ತಿಗೂ ಇಲ್ಲ.

ಈಗ ನಮ್ಮ ಕನ್ನಡ ನಾಡಿನ ಮಾತಿಗೆ ಬರೋಣ. ತೇಜಸ್ ವಿಮಾನ ನಿಮಗೆ ಗೊತ್ತು. ಅದನ್ನು ಬೇಕೆಂದೇ ಅಸ್ಥಿರವಾಗಿ ರೂಪಿಸಿದ್ದಾರೆ, ಚುರುಕಾಗಿ ತಿರುಗಲಿ ಎಂದು. ಕಂಪ್ಯೂಟರ್ ಕ್ಷಣಕ್ಷಣಕ್ಕೂ ಸರಿಪಡಿಸದಿದ್ದರೆ ಮನುಷ್ಯನ ಕೈಗೆ ಅದು ನಿಲ್ಲುವುದಿಲ್ಲ. ಆ ನಿಯಂತ್ರಣದ ಸೂತ್ರಗಳಿಗೆ ಮೊದಲು ಅಮೆರಿಕದವರ ಸಹಕಾರವಿತ್ತು. 1998ರಲ್ಲಿ ಪೋಖ್ರಾನ್ ಅಣುಪರೀಕ್ಷೆಯಾದ ಮೇಲೆ ನಿರ್ಬಂಧ ಬಿತ್ತು, ಸಹಕಾರ ನಿಂತಿತು. ಬೆಂಗಳೂರಿನಲ್ಲಿದ್ದ ನಮ್ಮವರೇ ಕೂತು ಕೆಲಸ ಮುಗಿಸಿದರು. ನೆಲದ ಮೇಲಿನ ಸಿಮ್ಯುಲೇಟರುಗಳಲ್ಲಿ ಮತ್ತೆ ಮತ್ತೆ ಪರೀಕ್ಷಿಸಿದರು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಠಿಯಾಲ್ ಬೆಂಗಳೂರಿನ ಎಚ್ಎಎಲ್ ವಿಮಾನ ನಿಲ್ದಾಣದಿಂದ ಅದನ್ನು ಮೊದಲ ಸಲ ಹಾರಿಸಿದರು. ಹಾರಾಟ 18 ನಿಮಿಷದ್ದು. ಆದರೆ ಅದರ ಹಿಂದೆ ನೆಲ ಬಿಡದೆ ನಡೆಸಿದ ಹಾರಾಟಗಳು ಎಷ್ಟೋ.

ಮಿಗ್-21ರ ಕಥೆ ಹೀಗಿಲ್ಲ. ಅದು ನಮ್ಮ ವಾಯುಪಡೆಗೆ 1963ರಲ್ಲಿ ಬಂತು. 1971ರ ಯುದ್ಧದಲ್ಲಿ ಹೆಸರು ಮಾಡಿತು. ಆದರೆ ಹೊಸ ಹುಡುಗರು ನಿಧಾನದ ತರಬೇತಿ ವಿಮಾನದಿಂದ ನೇರವಾಗಿ ಈ ಬಾಣದಂಥ ವಿಮಾನಕ್ಕೆ ಹತ್ತಬೇಕಾಗಿತ್ತು. ನಡುವೆ ಒಂದು ಮೆಟ್ಟಿಲು ಬೇಕು ಎಂದು 1982ರಲ್ಲೇ ಲಾ ಫಾಂಟೇನ್ ಸಮಿತಿ ಹೇಳಿತ್ತು. ಹಾಕ್ ತರಬೇತಿ ವಿಮಾನಗಳ ಒಪ್ಪಂದಕ್ಕೆ ಸಹಿ ಬಿದ್ದದ್ದು 2004ರಲ್ಲಿ. ಅವು ನಮ್ಮ ಬೀದರಿನಲ್ಲಿ ವಿಧಿವತ್ತಾಗಿ ವಾಯುಪಡೆಗೆ ಸೇರಿದ್ದು 2008ರಲ್ಲಿ. ಇಂದು ಬೀದರಿನಲ್ಲಿ ಹಾಕ್ ಜೊತೆ ಸಿಮ್ಯುಲೇಟರುಗಳೂ ಇವೆ. ಮೆಟ್ಟಿಲು ಬೇಕೆಂದು ಹೇಳಿದ ವರ್ಷಕ್ಕೂ ಅದು ಸೇವೆಗೆ ಸೇರಿದ ವರ್ಷಕ್ಕೂ ನಡುವೆ 26 ವರ್ಷ. 2012ರಲ್ಲಿ ಆಗಿನ ರಕ್ಷಣಾ ಸಚಿವ ಎ.ಕೆ. ಆಂಟನಿ ಸಂಸತ್ತಿಗೆ ಲೆಕ್ಕ ಕೊಟ್ಟರು: ನಮ್ಮ 872 ಮಿಗ್ ವಿಮಾನಗಳಲ್ಲಿ 482 ಅಪಘಾತದಲ್ಲಿ ಹೋಗಿವೆ, 171 ಪೈಲಟ್ಟುಗಳು ತೀರಿಕೊಂಡಿದ್ದಾರೆ. ಎಲ್ಲಕ್ಕೂ ತರಬೇತಿಯೇ ಕಾರಣವೆಂದಲ್ಲ. ಯಂತ್ರದ ದೋಷ, ಹಕ್ಕಿ ಬಡಿದದ್ದು, ಹವಾಮಾನ ಎಲ್ಲ ಇವೆ. ಆದರೂ ಆ ಸಂಖ್ಯೆಯನ್ನು ಒಮ್ಮೆ ನಿಧಾನವಾಗಿ ಓದಿಕೊಳ್ಳಿ. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21ಕ್ಕೆ ಬೀಳ್ಕೊಡುಗೆಯಾಯಿತು.

ಆ ಬೀಳ್ಕೊಡುಗೆಯನ್ನು ಟಿವಿಯಲ್ಲಿ ನೋಡಿದ ಮೇಲೇ ನಾನು ಸಿಮ್ಯುಲೇಟರಿನಲ್ಲಿ ಮಿಗ್-21 ಕಲಿಯಲು ಕೂತದ್ದು. ಚಿಕ್ಕವನಿದ್ದಾಗ ನನಗೂ ಪೈಲಟ್ ಆಗುವ ಆಸೆಯಿತ್ತು. ಎಂಟನೇ ಕ್ಲಾಸಿನಲ್ಲೇ ದಪ್ಪ ಕನ್ನಡಕ ಬಂತು, ಆಸೆ ಅಲ್ಲಿಗೆ ಮುಗಿಯಿತು. ಈ ವಿಮಾನ ಇಳಿಸುವುದು ಎಷ್ಟು ಕಷ್ಟ ಎಂಬುದು ಕೂತ ಮೇಲೆ ತಿಳಿಯಿತು. ಅದರ ರೆಕ್ಕೆ ಚಿಕ್ಕದು. ಇಳಿಯುವಾಗ ರೆಕ್ಕೆಯ ಹಿಂದಿನ ಫ್ಲಾಪುಗಳ ಮೇಲೆ ಎಂಜಿನ್ನಿನ ಗಾಳಿಯನ್ನೇ ಊದಿ ವಿಮಾನವನ್ನು ತೇಲಿಸಬೇಕು. ವೇಗ ಹೆಚ್ಚಾಯಿತೆಂದು ಎಂಜಿನ್ ಇಳಿಸಿದಿರೋ, ಊದುವ ಗಾಳಿಯೂ ಕಡಿಮೆಯಾಗುತ್ತದೆ, ವಿಮಾನ ಕಲ್ಲಿನಂತೆ ಕುಸಿಯುತ್ತದೆ. ಕಾರು ಓಡಿಸಿದ ನಮ್ಮ ಬುದ್ಧಿ 'ಕಡಿಮೆ ಮಾಡು' ಅನ್ನುತ್ತದೆ. ವಿಮಾನ 'ಬೇಡ' ಅನ್ನುತ್ತದೆ.

ಒಂದು ಭಾನುವಾರ ಮೂರನೇ ಮಹಡಿಯ ಕಾಕಾ ಪೇಪರ್ ಕೇಳಲು ಬಂದರು. ಗದಗ ಕಡೆಯವರು, ವಾಯುಪಡೆಯಲ್ಲಿ ಎಂಜಿನ್ ತಂತ್ರಜ್ಞರಾಗಿದ್ದು ನಿವೃತ್ತರಾದವರು. ಪರದೆ ನೋಡಿ ನಿಂತೇಬಿಟ್ಟರು. ನಾನು ಒಂದಾದ ಮೇಲೊಂದು ಹನ್ನೊಂದು ಸಲ ನೆಲಕ್ಕೆ ಬಡಿದೆ. ಹತ್ತಿರದಲ್ಲಿ ಕೂತಿದ್ದ ಮಗಳು ಪ್ರತಿ ಸಲವೂ ನಗುತ್ತಿದ್ದಳು. ಕಾಕಾ ನಗಲಿಲ್ಲ. ಕೊನೆಗೆ ಹೇಳಿದರು, "ಗಾಳಿ ಕಟ್ ಮಾಡಬ್ಯಾಡ ತಮ್ಮಾ. ನೆಲ ಮುಟ್ಟೂತನಕ ಎಂಜಿನ್ ಹಿಡಿ." ಹನ್ನೆರಡನೇ ಸಲ ಅವರು ಹೇಳಿದಂತೆ ಮಾಡಿದೆ. ಚಕ್ರ ನೆಲ ಮುಟ್ಟಿತು, ಮೂಗು ಇಳಿಯಿತು, ಬಾಲದ ಪ್ಯಾರಾಶೂಟ್ ಬಿಚ್ಚಿಕೊಂಡಿತು. ನಾನೂ ಮಗಳೂ ಚಪ್ಪಾಳೆ ತಟ್ಟಿದೆವು.

ಕಾಕಾ ಪೇಪರನ್ನು ಮಡಚಿಕೊಂಡರು. "ನಾ ಇದ್ದ ಕಡೆ ಒಬ್ಬ ಹುಡುಗ ಇದ್ದ. ಇಪ್ಪತ್ತಮೂರು ವರ್ಷ. ಆ ಮುಂಜಾನೆ ಅವನ ವಿಮಾನ ನಾನs ತಯಾರ್ ಮಾಡಿ ಕಳಿಸಿದ್ದೆ. ಏಣಿ ಹತ್ತುವಾಗ ಮಶ್ಕಿರಿ ಮಾಡಿ ಹ್ವಾದ. ತಿರುಗಿ ಬರೂವಾಗ ರನ್‌ವೇಕ್ಕಿಂತ ಈಚೀಗೆ ಬಿದ್ದ." ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನಗ ಹನ್ನೆರಡನೇ ಸಲ ಸಿಕ್ತು ತಮ್ಮಾ. ಅವಗ ಸಿಗಲಿಲ್ಲ" ಅಂದರು. ಎಂಜಿನ್ನಿನಲ್ಲಿ ತಪ್ಪಿರಲಿಲ್ಲ ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತಂತೆ. ಆದರೂ ಆ ದಿನದ ಒಂದೊಂದು ಬೋಲ್ಟನ್ನೂ ಅವರು ಇಂದಿಗೂ ಮನಸ್ಸಿನಲ್ಲಿ ತಿರುಗಿಸಿ ನೋಡುತ್ತಾರಂತೆ.

ನನ್ನ ಮಗಳು ಅಂದು ನಗುವುದನ್ನು ನಿಲ್ಲಿಸಿದಳು. ಅವಳು ಈಗ ಹನ್ನೊಂದನೇ ಕ್ಲಾಸು. ವಾರ ಕಳೆದ ಮೇಲೆ ಊಟಕ್ಕೆ ಕೂತಾಗ ಹೇಳಿದಳು, "ಅಪ್ಪಾ, ನಾನು ಎನ್‌ಡಿಎ ಪರೀಕ್ಷೆ ಬರೀತೀನಿ. ಫೈಟರ್ ಪೈಲಟ್ ಆಗ್ಬೇಕು." ನನ್ನ ಕೈಯ ತುತ್ತು ಅಲ್ಲೇ ನಿಂತಿತು. ಇಷ್ಟು ದಿನ ವಿಮಾನದ ಹುಚ್ಚು ಹಿಡಿಸಿದವನು ನಾನೇ. ಆದರೆ ಆ ಹೊತ್ತಿಗೆ ನನಗೆ ತೇಜಸ್ಸೂ ನೆನಪಾಗಲಿಲ್ಲ, ಎಫ್-16ರೂ ನೆನಪಾಗಲಿಲ್ಲ. ಕಾಕಾ ಹೇಳಿದ ಆ ಹುಡುಗ ನೆನಪಾದ.

"ಕಾಕಾ ಹೇಳಿದ್ದು ಕೇಳಿಸ್ಕೊಂಡೆ ತಾನೇ?" ಅಂದೆ.

"ಕೇಳಿಸ್ಕೊಂಡೇ ಹೇಳ್ತಾ ಇರೋದು. ಆ ಹುಡುಗನಿಗೆ ಹನ್ನೊಂದು ಸಲ ಬೀಳೋದಕ್ಕೆ ನೆಲದ ಮೇಲೆ ಜಾಗ ಇದ್ದಿದ್ರೆ? ಈಗ ಇದೆ ಅಪ್ಪಾ" ಅಂದಳು.

ಮರುದಿನ ಅವಳೇ ಕಾಕಾರ ಮನೆಗೆ ಹೋಗಿ ಎರಡು ಗಂಟೆ ಕೂತು ಬಂದಳು. ಏನು ಮಾತಾಡಿದರೋ ಇಬ್ಬರೂ ಹೇಳಲಿಲ್ಲ. ಕಾಕಾ ನನಗೆ ಹೇಳಿದ್ದು ಇಷ್ಟೇ: "ಹುಡುಗಿ ಪ್ರಶ್ನಿ ಛಲೋ ಕೇಳ್ತಾಳ. ಬಿಡು."

ನಿಮ್ಮ ಮನೆಯಲ್ಲೂ ಇಂಥ ಮಾತು ಎದ್ದಿದ್ದರೆ ಕೆಲವು ವಿವರ ಹೇಳುತ್ತೇನೆ. ಪುಣೆಯ ಖಡಕ್‌ವಾಸಲಾದಲ್ಲಿರುವ ಎನ್‌ಡಿಎಗೆ ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆಸುತ್ತದೆ. ವಾಯುಪಡೆಗೆ ಸೇರಬೇಕಾದರೆ ಹನ್ನೆರಡನೇ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇರಲೇಬೇಕು. ಹುಡುಗಿಯರು ಈ ಪರೀಕ್ಷೆಗೆ ಕೂರಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2021ರಲ್ಲಿ. ಮೊದಲ ತಂಡದ 17 ಯುವತಿಯರು 2025ರ ಮೇ ತಿಂಗಳಲ್ಲಿ ಅಲ್ಲಿಂದ ಹೊರಬಂದರು. ಅದಕ್ಕೂ ಮುಂಚೆ, 2016ರಲ್ಲಿ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಫೈಟರ್ ವಿಭಾಗಕ್ಕೆ ಸೇರಿದ ಮೊದಲ ಮಹಿಳೆಯರಾದರು. ಅವರೂ ಹಾಕ್ ವಿಮಾನದಲ್ಲಿ ಪಳಗಿದ್ದು ನಮ್ಮ ಬೀದರಿನಲ್ಲೇ.

ಬರೀ ಹವ್ಯಾಸಕ್ಕಾಗಿ ಆಡುವವರಿಗೂ ಎರಡು ಮಾತು. ಡಿಸಿಎಸ್‌ನ ಮೂಲ ಭಾಗ ಉಚಿತ. ಅದರಲ್ಲಿ ಸುಖೋಯ್-25ಟಿ ಮತ್ತು ಮಹಾಯುದ್ಧದ ಕಾಲದ ಮಸ್ಟಾಂಗಿನ ಒಂದು ಮಾದರಿ ಸಿಗುತ್ತವೆ. ಗ್ರಾಫಿಕ್ಸ್ ಕಾರ್ಡ್ ಇರುವ ಒಳ್ಳೆಯ ಕಂಪ್ಯೂಟರ್, ಒಂದು ಸಾಧಾರಣ ಜಾಯ್‌ಸ್ಟಿಕ್ ಇದ್ದರೆ ಶುರುಮಾಡಲು ಸಾಕು. ತಲೆ ತಿರುಗಿಸಿದರೆ ನೋಟ ತಿರುಗುವ ಸಾಧನ, ಕಾಲಿನ ಪೆಡಲ್, ಕಣ್ಣಿಗೆ ಕಟ್ಟುವ ವಿಆರ್ ಎಲ್ಲ ಆಮೇಲೆ. ಮೊದಲ ದಿನವೇ ಖರ್ಚಿಗೆ ಬೀಳಬೇಡಿ. ಒಂದೇ ವಿಮಾನ ಹಿಡಿದು ಮೂರು ತಿಂಗಳು ಕಲಿಯಿರಿ. ಮೊದಲು ಇಳಿಸುವುದನ್ನು ಕಲಿಯಿರಿ, ಹೊಡೆದಾಟ ಆಮೇಲೆ. ಮಕ್ಕಳಾದರೆ ಇಂತಿಷ್ಟೇ ಹೊತ್ತು ಎಂದು ಗೊತ್ತುಮಾಡಿ. ಅಪ್ಪಂದಿರಾದರೂ ಅಷ್ಟೇ, ನಮ್ಮ ಮನೆಯಲ್ಲಿ ನನಗೆ ರಾತ್ರಿ ಹನ್ನೊಂದರ ಗಡುವು ಇದೆ.

ಕೊನೆಯದಾಗಿ ಆ ಗುಂಡಿಯ ಮಾತು. ಬಿದ್ದಾಗ ಮತ್ತೆ ಶುರುಮಾಡುವ ಗುಂಡಿ. ಅದನ್ನು ನಾನು ಈಗಲೂ ಒತ್ತುತ್ತೇನೆ. ಆದರೆ ಕಾಕಾ ಬಂದು ಹೋದ ಮೇಲೆ ಒಂದು ರೂಢಿಯಾಗಿದೆ. ವಿಮಾನ ಬಿದ್ದ ಕೂಡಲೇ ಒತ್ತುವುದಿಲ್ಲ. ಎಲ್ಲಿ ತಪ್ಪಿದೆ ಎಂದು ಒಂದು ಹಳೆಯ ಡೈರಿಯಲ್ಲಿ ಬರೆದಿಟ್ಟು ಆಮೇಲೆ ಒತ್ತುತ್ತೇನೆ. ಈಚೆಗೆ ಆ ಡೈರಿಯಲ್ಲಿ ನನ್ನ ಅಕ್ಷರಕ್ಕಿಂತ ಮಗಳ ಅಕ್ಷರವೇ ಹೆಚ್ಚು. ಹನ್ನೆರಡನೇ ಕ್ಲಾಸಿಗೆ ಬಂದ ಮೇಲೆ ಅವಳು ಪರೀಕ್ಷೆಗೆ ಅರ್ಜಿ ತುಂಬುತ್ತಾಳೆ. ಪೋಷಕರ ಹೆಸರಿನ ಜಾಗದಲ್ಲಿ ನನ್ನ ಹೆಸರಿರುತ್ತದೆ.